ಅವ್ವ ಬಾಯಿ ತೆರೆಯದ ಕಾರಣ

ಕಿಟಕಿಯ ಪಕ್ಕದಲ್ಲಿ ಒಂದು ಗಾಲಿಕುರ್ಚಿ. ಅದರಲ್ಲಿ ಒಬ್ಬ ಮುದುಕಿ...

ಎಣ್ಣೆ ಹಚ್ಚಿ ಬಾಚಿದ ಬಿಳಿಗೂದಲು. ಹಣೆಯಲ್ಲಿ ವಿಭೂತಿ. ಇಸ್ತ್ರಿಯ ಮಡಿಕೆ ಇನ್ನೂ ಮುರಿಯದ ಸೀರೆ.

ಮುಂದಿನ ಬಟ್ಟಲಲ್ಲಿ ರಾಗಿಗಂಜಿ ಆರಿ, ತೆಳ್ಳಗೆ ಕೆನೆ ಕಟ್ಟಿದೆ. ಬೆಳಗಿನ ಬಿಸಿಲು ಕೆನ್ನೆಯ ಸುಕ್ಕುಗಳಲ್ಲೆಲ್ಲ ನಿಧಾನವಾಗಿ ಹರಿದು, ತುಟಿಯ ಬಳಿ ಬಂದು ನಿಂತುಬಿಟ್ಟಿದೆ...

ಆ ತುಟಿಗಳು ಬಿಗಿಯಾಗಿ ಮುಚ್ಚಿವೆ.

ಆಕೆ ಚೆನ್ನಾಜಮ್ಮ. ಎದುರಿನ ಸ್ಟೂಲಿನ ಮೇಲೆ ಕುಳಿತವನು ಮಗ ಮಹದೇವಸ್ವಾಮಿ, ಮೈಸೂರಿನಲ್ಲಿ ಕನ್ನಡಕದ ಅಂಗಡಿ ನಡೆಸುವವನು.

ಸೊಂಟ ಮುರಿದ ಅವ್ವನನ್ನು ಎತ್ತಿ ಕೂರಿಸಲು ಮನೆಯಲ್ಲಿ ಕೈ ಸಾಲದೆ, ಊರಾಚೆಯ ಈ ಕೇರ್ ಹೋಮಿಗೆ ಸೇರಿಸಿದ್ದ. ಭಾನುವಾರ ಬಂತೆಂದರೆ, ಮೊದಲೇ ಫೋನ್ ಮಾಡಿ ತಿಳಿಸಿ, ತಪ್ಪದೆ ಬರುತ್ತಿದ್ದ.

ಈಚೆಗೆ ಅವ್ವ ಮಾತು ನಿಲ್ಲಿಸಿದ್ದಳು. ಅನ್ನವೂ ಸೇರುತ್ತಿರಲಿಲ್ಲ.

ವಯಸ್ಸಾಯಿತು, ಮರೆವು ಎಂದರು ಹೋಮಿನವರು. ಇನ್ನು ಮೂಗಿನಿಂದ ಟ್ಯೂಬ್ ಇಳಿಸುವುದೊಂದೇ ದಾರಿ, ನೀವು ಬಂದು ಒಪ್ಪಿಗೆ ಕೊಡಿ ಎಂದು ಇವತ್ತು ಕರೆಸಿದ್ದರು.

“ಬರೀ ಹಠ ಸರ್,” ಎಂದಳು ಪಕ್ಕದಲ್ಲೇ ನಿಂತಿದ್ದ ಮೇಲ್ವಿಚಾರಕಿ ಲತಾಮಣಿ. “ನೀವು ಬಂದ್ರೆ ಸಾಕು, ನೋಡಿ, ಮಹಾರಾಣಿ ಥರ ಕೂತ್ಕೊಂಬಿಡ್ತಾರೆ. ಅಜ್ಜೀ, ಮಗನ ಮುಂದಾದ್ರೂ ಬಾಯಿ ತೆಗೀರಿ!”

“ಒಂದೇ ಒಂದು ಗುಟುಕು ಕುಡಿಯವ್ವ... ನಿನ್ನ ಮೂಗಿಗೆ ಟ್ಯೂಬ್ ಹಾಕೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ.”

ಅವ್ವ ಮಗನನ್ನು ನೋಡಿದಳು. ಲತಾಮಣಿಯನ್ನು ನೋಡಿದಳು. ಕಣ್ಣು ಕೆಳಗಿಳಿಸಿದಳು.

ಮದುವೆಮನೆಗಳಲ್ಲಿ ಅಡಿಗೆ ಮಾಡಿ ಮಗನನ್ನು ಬೆಳೆಸಿದವಳು ಅವಳು. ಸಾರಿನ ರುಚಿ ನೋಡಲು ಸೌಟನ್ನು ಎಂದೂ ತುಟಿಗೆ ತಾಗಿಸಿದವಳಲ್ಲ. ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕುವಳು.

“ಎಂಜಲು ಬೆರೆತ ಅಡಿಗೆ ಯಾರ ಮೈಗೂ ಹತ್ತಲ್ಲ ಕಣ್ಮಗ” ಎನ್ನುವಳು...

ಅಷ್ಟರಲ್ಲಿ ಡಾಕ್ಟರು ಬಂದರೆಂದು ಯಾರೋ ಕೂಗಿದರು. ಲತಾಮಣಿ ಹೊರಗೆ ಹೋದಳು.

ಅವ್ವನನ್ನು ಇಲ್ಲಿ ಬಿಟ್ಟ ಮೇಲೆ, ತಾಯಿ ಮಗ ಇಬ್ಬರೇ ಇದ್ದದ್ದು ಅದೇ ಮೊದಲು.

ಚೆನ್ನಾಜಮ್ಮ ತಟ್ಟನೆ ಮಗನ ಕೈ ಹಿಡಿದಳು. ಅದನ್ನು ಮಗುಚಿ, ಅಂಗೈ ಬಿಡಿಸಿ, ಬಾಗಿದಳು. ಬಾಯಿಂದ ಹಲ್ಲಿನ ಸೆಟ್ಟು ಅವನ ಅಂಗೈ ಮೇಲೆ ಬಿತ್ತು... ಅಂಚಿನಲ್ಲಿ ರಕ್ತ.

ಮಹದೇವಸ್ವಾಮಿ ಅದನ್ನೇ ನೋಡಿದ.

ಅವ್ವನ ಹಲ್ಲು ಕಟ್ಟಿಸಿದವನು ಅವನೇ. “ಮುಂದ್ಗಡೆ ನನ್ ಸಂದು ಹಂಗೇ ಇರ್ಲಿ ಡಾಕ್ಟ್ರೇ, ಇಲ್ದಿದ್ರೆ ಕನ್ನಡೀಲಿ ಯಾರೋ ನಕ್ಕಂಗಾಯ್ತದೆ” ಎಂದು ಆಕೆ ಹೇಳಿ ಎಲ್ಲರನ್ನೂ ನಗಿಸಿದ್ದಳು.

ಅಂಗೈ ಮೇಲಿದ್ದ ಹಲ್ಲುಗಳಲ್ಲಿ ಸಂದು ಇರಲಿಲ್ಲ.

“ಅವ್ವಾ... ಇದು ನಿಂದಲ್ಲ!”

“ಗೋಡೆ ಕಡೆ ಮಂಚದ ಸಾಕಮ್ಮಂದು,” ಎಂದಳು ಅವ್ವ, ಬೊಚ್ಚುಬಾಯಲ್ಲಿ, ಪಿಸುದನಿಯಲ್ಲಿ. “ಎಲ್ಲಾರ್ದೂ ಒಂದೇ ಬೋಸಿಗಾಕಿ ತೊಳೀತಾರೆ. ಸಿಕ್ಕಿದ್ದ ಸಿಕ್ಕಿದೋರಿಗೆ ತುರುಕ್ತಾರೆ. ನಂದು ಅವಳ ಬಾಯಲ್ಲಿತ್ತು... ಅವಳು ತೀರ್ಕಂಡ್ಲು. ನನ್ ಹಲ್ಲೂ ಅವಳ ಜೊತೇಲೆ ಹೋಯ್ತು.”

“ತೆಗೆದು ಬಿಸಾಕಬಾರ್ದಿತ್ತೇನವ್ವ?”

“ತೆಗುದ್ರೆ ದವಡೆ ಅಮುಕಿ ತಿರ್ಗ ಹಾಕ್ತಾರೆ. ನೀನೇ ಹೇಳಿದ್ದೀಯಂತಲ್ಲ... ಇನ್ನೊಬ್ರ ಎಂಜಲ ಬಾಯಲ್ಲಿಟ್ಕಂಡು ಹೆಂಗ್ ಉಣ್ಲಿ ಮಗ?”

ಹೌದು. ಅವನೇ ಹೇಳಿದ್ದ. ಹಲ್ಲಿಲ್ಲದೆ ನಮ್ಮವ್ವನನ್ನು ಯಾರೆದುರಿಗೂ ಕೂರಿಸಬೇಡಿ, ಅವಳಿಗೆ ನಾಚಿಕೆ ಎಂದು, ಸೇರಿಸಿದ ದಿನ ಕೈ ಮುಗಿದು ಹೇಳಿದ್ದ. ಪ್ರೀತಿಯಿಂದ ಆಡಿದ ಮಾತು...

“ನಂಗ್ಯಾಕೆ ಹೇಳ್ಲಿಲ್ಲ ನೀನು?”

“ಹೆಂಗ್ ಹೇಳ್ಲಪ್ಪ? ನೀ ಬಂದಾಗೆಲ್ಲ ಆಯಮ್ಮ ಪಕ್ಕದಲ್ಲೇ ನಿಂತಿರ್ತದೆ. ನೀನು ಎದ್ದು ಹೊಂಟೋಯ್ತೀಯ... ಆಮೇಲೆ ನಾನಿರಬೇಕಾದ್ದು ಅದ್ರ ಕೈಲೇ ಅಲ್ವ?”

ಮಹದೇವಸ್ವಾಮಿ ಎದ್ದ. ನೀರು ತಂದು ಅವ್ವನ ಬಾಯಿ ತೊಳೆಸಿದ. ಬಟ್ಟಲನ್ನು ತುಟಿಗೆ ಹಿಡಿದ.

ಆರಿದ ಆ ಗಂಜಿಯನ್ನು ಅವ್ವ ತಳ ಕಾಣುವ ತನಕ ಕುಡಿದಳು... ಹಸಿದ ಮಗುವಿನಂತೆ. ಮಗ ಮುಖ ತಿರುಗಿಸಿ ಅತ್ತ.

“ಅರೆ, ಕುಡಿದ್ರಾ!” ಎನ್ನುತ್ತ ಲತಾಮಣಿ ಒಳಗೆ ಬಂದಳು.

ಅವನು ಅಂಗೈ ಚಾಚಿದ. “ಇದು ಯಾರದಮ್ಮ?”

ಅವಳ ಮುಖ ಕಪ್ಪಿಟ್ಟಿತು. “ನೋಡೋಕೆ ಎಲ್ಲಾ ಒಂದೇ ಥರ ಇರ್ತವೆ ಸರ್... ಇಷ್ಟು ಜನಕ್ಕೆ ಇರೋದೇ ಇಬ್ರು ಆಯಾಗಳು. ನಾವಾದ್ರೂ ಏನ್ಮಾಡೋಣ?”

“ಡಾಕ್ಟರಿಗೆ ಟ್ಯೂಬ್ ಬೇಡ ಅಂತ ಹೇಳಿ. ನಮ್ಮವ್ವ ಮನೆಗೆ ಬರ್ತಾಳೆ.”

ಗಾಲಿಕುರ್ಚಿ ತಳ್ಳುತ್ತ ಹಾಲಿಗೆ ಬಂದ. ಗೋಡೆಯುದ್ದಕ್ಕೂ ಕುರ್ಚಿಗಳು. ಬಾಚಿದ ತಲೆಗಳು, ಒಗೆದ ಸೀರೆಗಳು... ಎಲ್ಲರ ಕಣ್ಣೂ ಬಾಗಿಲ ಕಡೆಗೆ.

ಒಬ್ಬ ಅಜ್ಜಿ ಅವನ ಅಂಗಿಯ ತುದಿ ಹಿಡಿದಳು.

“ಅಪ್ಪಾ, ನನ್ ಮಗಳಿಗೊಂದು ಫೋನ್ ಮಾಡ್ತೀಯಾ? ಅವಳಿಗೆ ಹೇಳು, ನಾನಿಲ್ಲಿ...”

ಲತಾಮಣಿ ಬಂದು ಆಕೆಯ ಪಕ್ಕದಲ್ಲಿ ನಿಂತಳು.

ಅಜ್ಜಿ ಅಂಗಿಯನ್ನು ಬಿಟ್ಟುಬಿಟ್ಟಳು. ಸೆರಗು ಸರಿಮಾಡಿಕೊಂಡು, ನಗುವಂತೆ ಮಾಡಿ ಅಂದಳು...

“ಏನಿಲ್ಲಪ್ಪ. ಚೆನ್ನಾಗಿದ್ದೀನಿ ಅಂತ ಹೇಳು.”

ಅವನು ಆ ಅಜ್ಜಿಯ ಮುಖ ನೋಡಿದ. ಅವ್ವನ ಕುರ್ಚಿಯನ್ನು ಮೆಲ್ಲನೆ ಹೊಸ್ತಿಲು ದಾಟಿಸಿದ.

ಹಿಂದೆ ಬಾಗಿಲು ಮುಚ್ಚಿಕೊಂಡಿತು.

*

ನೋಡಿಕೊಳ್ಳುವವರು ಪಕ್ಕದಲ್ಲೇ ನಿಂತಿರುವಾಗ ಬರುವ “ಚೆನ್ನಾಗಿದ್ದೀನಿ” ಎಂಬ ಉತ್ತರವನ್ನು ಅಷ್ಟು ಸುಲಭವಾಗಿ ನಂಬಬೇಡಿ.

ನಿಮ್ಮವರನ್ನು, ಮೂರನೆಯವರು ಯಾರೂ ಇಲ್ಲದಾಗ, ಕೈ ಹಿಡಿದು ಕೂತು, “ನಿಜವಾಗಿ ಹೇಗಿದ್ದೀಯ?” ಎಂದು ನೀವು ಕೇಳಿ ಎಷ್ಟು ಕಾಲವಾಯಿತು...?