ಮೂರನೇ ಮಹಡಿಗೆ

ಚೆನ್ನಮ್ಮ ಸ್ಟ್ರೆಚರಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ನಿಂತುಬಿಟ್ಟಳು. "ಇವರನ್ನ ಕೆಳಗ ಒಯ್ಯಾಕ ನಾ ಬಿಡಂಗಿಲ್ಲ."

ಮಲಗಿದ್ದವನು ಅವಳ ಗಂಡ ಉಮಾಪತಿ, ಬಂಗಾಳದ ಸಿಯಾಲ್ದಾದಲ್ಲಿ ರೈಲ್ವೆ ಗಾರ್ಡ್. ಈ ಒಂಬತ್ತನೇ ಮಹಡಿಯ ಐಸಿಯುವಿನಲ್ಲಿ ಎಂಟು ದಿನ ಅವನ ಶ್ವಾಸಕೋಶದ ಕೆಲಸವನ್ನು ಒಂದು ಯಂತ್ರ ಮಾಡಿತ್ತು. ಅವನೊಬ್ಬನಿಗೇ ಒಬ್ಬ ನರ್ಸ್ ಇದ್ದಳು. ಈಗ ಕಳಿಸುತ್ತಿದ್ದ ಮೂರನೇ ಮಹಡಿಯ ವಾರ್ಡಿನಲ್ಲಿ ಆರು ಮಂದಿಗೆ ಒಬ್ಬಳು.

"ಅವ್ವಾ, ಇದು ಗುಡ್ ನ್ಯೂಸ್," ಎಂದಳು ಮಗಳು ಸಿಂಧೂರ. "ಅಪ್ಪಾಗ ಇನ್ನ ಅಷ್ಟು ಸ್ಪೆಷಲ್ ಕೇರ್ ಬ್ಯಾಡಂತ."

"ಬ್ಯಾಡ ಅಂದ್ರ? ಮೊನ್ನೆ ಒಂದು ಮಷೀನ್ ತಗದ್ರು, ನಿನ್ನೆ ಇನ್ನೊಂದು. ಇವತ್ತ ನರ್ಸೂ ಇಲ್ಲ. ಹಿಂಗ ಒಂದೊಂದ ಕೈ ಬಿಡ್ತಾರ."

ಉಮಾಪತಿ ಕಣ್ಣು ತೆರೆದ. ಗಂಟಲಿನ ನಳಿಗೆ ತೆಗೆದು ಎರಡೇ ದಿನವಾಗಿತ್ತು. ದನಿಯಲ್ಲಿ ಗಾಳಿಯೇ ಹೆಚ್ಚು. "ಹಸರ ಸಿಗ್ನಲ್ ಬಿದ್ದೈತಿ. ಗಾಡಿ ಯಾಕ ನಿಲ್ಲಸ್ತೀಯಲೇ?"

ಸಿಂಧೂರ ನಕ್ಕಳು. ಚೆನ್ನಮ್ಮ ಮಗಳಿಗೆ ಮಾತ್ರ ಕೇಳುವಂತೆ ಹೇಳಿದಳು: "ನಮ್ಮಪ್ಪನ್ನೂ ಹುಬ್ಬಳ್ಳಿ ದವಾಖಾನಿಯಿಂದ ಹಿಂಗ ಕಳಿಸಿದ್ರು. ಇನ್ನ ಇಲ್ಲಿ ಬ್ಯಾಡ, ಕರಕೊಂಡು ಹೋಗ್ರಿ ಅಂತ. ಅಂವಾನೂ ದಾರಿ ತುಂಬ ನಗಸ್ಕೋತ ಬಂದ. ಐದ ದಿನಕ್ಕ ಹೋಗಿಬಿಟ್ಟ."

ಸ್ಟ್ರೆಚರ್ ತಳ್ಳುವವನು ಗೋಡೆಯ ಕಡೆ ನೋಡುತ್ತ ನಿಂತ.

ಎದುರಿನ ಲಿಫ್ಟ್ ತೆರೆದುಕೊಂಡಿತು. ಇನ್ನೊಂದು ಸ್ಟ್ರೆಚರ್, ಅದರ ಸುತ್ತ ನಾಲ್ಕು ಮಂದಿ. ನರ್ಸೊಬ್ಬಳು ಓಡುತ್ತಲೇ ರಬ್ಬರಿನ ಚೀಲ ಒತ್ತಿ ಒತ್ತಿ ರೋಗಿಗೆ ಉಸಿರು ತುಂಬುತ್ತಿದ್ದಳು. ಉಮಾಪತಿ ಬಿಟ್ಟು ಬಂದ ಬೆಡ್ಡಿಗೇ ಅವರು ಹೋದರು. ಹಿಂದೆ ಬಂದ ಹೆಂಗಸನ್ನು ಬಾಗಿಲಲ್ಲೇ ತಡೆದರು. ಅವಳ ಒಂದು ಕಾಲಿನಲ್ಲಷ್ಟೇ ಚಪ್ಪಲಿಯಿತ್ತು.

ಅವಳು ಉಮಾಪತಿಯನ್ನು ನೋಡಿದಳು. ಆಮೇಲೆ ಚೆನ್ನಮ್ಮನನ್ನು. "ಆ ಬೆಡ್ಡಿನಲ್ಲಿದ್ದವರು ಇವರೇನಾ, ದೀದಿ?" ಎಂದು ಬಂಗಾಳಿಯಲ್ಲಿ ಕೇಳಿದಳು. "ಈಗ ಹೇಗಿದ್ದಾರೆ?"

ಗರಿಯಾಹಾಟಿನ ಸಂತೆಯಲ್ಲಿ ತರಕಾರಿ ಕೊಳ್ಳುವಷ್ಟು ಬಂಗಾಳಿ ಚೆನ್ನಮ್ಮನಿಗೆ ಬರುತ್ತಿತ್ತು. ಗಂಡ ಹೇಗಿದ್ದಾನೆಂಬುದು ಮಾತ್ರ ಅವಳಿಗೇ ಗೊತ್ತಿರಲಿಲ್ಲ.

"ಭಾಲೋ," ಎಂದಳು, ಚೆನ್ನಾಗಿದ್ದಾರೆ ಎಂಬಂತೆ. "ಖೂಬ್ ಭಾಲೋ."

ಹಾಗೆಂದ ಮೇಲೆ, ಆ ಹೆಂಗಸಿನ ಕಣ್ಣೆದುರು ಕಂಬಿ ಹಿಡಿದು ನಿಲ್ಲುವುದು ಅವಳಿಂದಾಗಲಿಲ್ಲ.