ವಿಂಚಿನ ಕೊಕ್ಕೆ

ಜೀಪಿನ ವಿಂಚಿನ ಮೋಟರಿನ ಮುಚ್ಚಳ ಬಿಚ್ಚಿದ್ದೇ ತಡ, ಒಳಗಿದ್ದ ತುಕ್ಕುನೀರೆಲ್ಲ ಮೆಕ್ಯಾನಿಕ್‌ನ ತೊಡೆಯ ಮೇಲೆ ಸುರಿಯಿತು. ಒಗೆದು ಇವತ್ತಷ್ಟೇ ಹಾಕಿಕೊಂಡಿದ್ದ ಪ್ಯಾಂಟು. ಅವನು ಪ್ಯಾಂಟನ್ನು ನೋಡಿಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದ ಭಾವನನ್ನು ನೋಡಿದ. ಅಕ್ಕನ ಗಂಡ. ಬೈಯುವ ಹಾಗಿಲ್ಲ, ಸುಮ್ಮನಿರುವುದಂತೂ ಆಗುತ್ತಿಲ್ಲ.

"ಭಾವ, ಇದರ ಹೊಟ್ಟೆ ಕೆಳಗೆ ಒಂದು ಸಣ್ಣ ತೂತಿತ್ತಲ್ಲ, ಎಲ್ಲಿ ಹೋಯ್ತು?"

"ಅದಾ? ನಾನೇ ಮುಚ್ಚಿದೆ. ಗಮ್ ತುಂಬಿ, ಮೇಲೆ ಟೇಪು ಸುತ್ತಿದೀನಿ. ಹೊಳೆಗೆ ಇಳಿಯೋ ಜೀಪು, ತೂತು ಹಾಗೇ ಬಿಡೋಕಾಗತ್ತಾ?"

ಭಾವ ಕಸುಬಿನಲ್ಲಿ ಪ್ಲಂಬರ್. ತೂತು ಕಂಡ ಮೇಲೆ ಕೈಕಟ್ಟಿ ಕೂರುವುದು ಅವರ ಜಾಯಮಾನದಲ್ಲೇ ಇಲ್ಲ.

"ಅದು ನೀರು ಒಳಗೆ ಬರೋ ತೂತಲ್ಲ ಭಾವ. ಹೇಗೋ ಒಳಗೆ ಸೇರಿದ ನೀರು ಹೊರಗೆ ಹೋಗೋ ತೂತು. ಹೋದ ಸಲಾನೂ ಹೇಳಿದ್ದೆ."

"ನೀನೇನೋ ಹೇಳಿದ್ದೆ. ನಂಗೆ ಮನಸ್ಸು ಒಪ್ಪಲಿಲ್ಲ."

ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕೊನೇಪಕ್ಷ ಸುಮ್ಮನಿರುತ್ತದೆ. ಮೆಕ್ಯಾನಿಕ್ ಹಲ್ಲು ಕಚ್ಚಿ, ಮೋಟರಿನೊಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್‌ಗಳನ್ನು ಎಳೆದ. ಗೂಡಿಗೆ ತುಕ್ಕು ಹಿಡಿದು ಅಲ್ಲೇ ಅಂಟಿಕೊಂಡಿದ್ದವು.

ಭಾವನಿಗೆ ಭಾನುವಾರ ಬಂತೆಂದರೆ ಕೆಸರಿನ ಹುಚ್ಚು. ಜೀಪು ಹೂತುಕೊಂಡಾಗ ಎಳೆಯಲೆಂದು ಅದರ ಮೂತಿಗೆ ಈ ವಿಂಚು ಹಾಕಿಸಿದ್ದರು. ಉಕ್ಕಿನ ಹಗ್ಗದ ಕೊಕ್ಕೆಯನ್ನು ಯಾವುದಾದರೂ ಮರಕ್ಕೆ ಸಿಕ್ಕಿಸಬೇಕು, ಮೋಟರು ಹಗ್ಗ ಸುತ್ತುತ್ತ ಜೀಪನ್ನು ಎಳೆಯುತ್ತದೆ. ಕೊಕ್ಕೆ ಹಿಡಿದು ಕೆಸರಿಗೆ ಇಳಿಯುವವಳು ಮಾತ್ರ ಅಕ್ಕ. "ಸ್ಟಿಯರಿಂಗ್ ಬಿಟ್ಟು ಇಳಿಯೋ ಹಾಗಿಲ್ಲ" ಎಂದು ಭಾವ ಸೀಟಿನಲ್ಲೇ ಕೂತು, ಗಾಜನ್ನು ಅರ್ಧ ಇಳಿಸಿ, "ಹೆದರಬೇಡ, ನಾನಿದೀನಲ್ಲ" ಎನ್ನುವರು. ಹೋದ ಭಾನುವಾರ ಹೊಳೆಯಲ್ಲಿ ಮೋಟರು ನಡುವೆ ಕೈಕೊಟ್ಟಿತು. ಟ್ರಾಕ್ಟರು ಬರುವವರೆಗೆ ಅಕ್ಕ ಸೊಂಟದುದ್ದ ನೀರಿನಲ್ಲಿ ಮರ ತಬ್ಬಿಕೊಂಡು ನಿಂತಿದ್ದಳು. ಅಲ್ಲಿಂದ ಗಂಡನ ಮನೆಗೆ ಹೋಗಲಿಲ್ಲ. ಗ್ಯಾರೇಜಿನ ಹಿಂದಿರುವ ತಮ್ಮನ ಮನೆಗೇ ಬಂದಳು. ವಿಂಚು ಸರಿಯಾಗುವವರೆಗೆ ಬರುವುದಿಲ್ಲ ಎಂದುಬಿಟ್ಟಿದ್ದಳು.

ಮೆಕ್ಯಾನಿಕ್‌ಗೆ ಅತ್ತ ದರಿ, ಇತ್ತ ಪುಲಿ. ಮೋಟರು ತಿರುಗದಿದ್ದರೆ ಅಕ್ಕನ ಸಂಸಾರ ನಿಂತಲ್ಲೇ ನಿಲ್ಲುತ್ತದೆ. ತಿರುಗಿದರೆ ಬರುವ ಭಾನುವಾರ ಕೊಕ್ಕೆ ಮತ್ತೆ ಅವಳ ಕೈಗೇ. ತುಕ್ಕು ಕೆರೆಯುವಾಗಲೂ, ಹೊಸ ಬ್ರಷ್ ಕೂರಿಸುವಾಗಲೂ, ತೂತಿನ ಗಮ್ಮನ್ನು ಮೊಳೆಯಿಂದ ಕಿತ್ತು ತೆಗೆಯುವಾಗಲೂ ಅವನ ಕಣ್ಣು ಅಕ್ಕನಿದ್ದ ಹಿಂದಿನ ಮನೆಯ ಕಡೆಗೇ ಹೋಗುತ್ತಿತ್ತು.

ಜೀಪಿನ ಮೂತಿಗೆ ಮತ್ತೆ ಕೂರಿಸಿ ಬ್ಯಾಟರಿ ಕೊಟ್ಟೊಡನೆ ಮೋಟರು ಗುಂಯ್ ಎಂದು ತಿರುಗಿತು. ಭಾವ ತಾವೇ ರಿಪೇರಿ ಮಾಡಿದವರಂತೆ ಎದೆಯುಬ್ಬಿಸಿ ಒಳಗೆ ಕೂಗಿದರು: "ಬಾರೇ, ಸರಿಯಾಯ್ತು. ಮನೆಗೆ ಹೋಗೋಣ."

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. "ಮೊದಲು ಎಳೆದು ತೋರಿಸಿ."

ಗ್ಯಾರೇಜಿನ ಪಕ್ಕದಲ್ಲಿ ಗಾಡಿ ತೊಳೆದ ನೀರು ನಿಂತು ಕೆಸರುಗುಂಡಿಯಾಗಿತ್ತು. ಅದರಾಚೆ ಒಂದು ಮರ. ಭಾವ ಖುಷಿಯಿಂದಲೇ ಜೀಪನ್ನು ಗುಂಡಿಗೆ ಇಳಿಸಿ ಸಿಕ್ಕಿಸಿದರು. ಕಿಟಕಿಯಿಂದ ತಲೆ ಹೊರಹಾಕಿ, "ಹೂಂ, ಕೊಕ್ಕೆ ತಗೊಂಡು ಹೋಗು" ಎಂದರು.

"ನೀವು ಇಳೀರಿ."

"ನಾನಾ? ನಿಂಗೆ ಗಾಡಿ ಓಡ್ಸೋಕೆ ಬರಲ್ವಲ್ಲೇ."

"ವಿಂಚಿನ ರಿಮೋಟು ಒತ್ತೋಕೆ ಬರತ್ತೆ. ಇಳೀರಿ ಅಂದೆ."

ಭಾವ ಸಹಾಯಕ್ಕೆಂದು ಭಾಮೈದನ ಕಡೆ ನೋಡಿದರು. ಭಾಮೈದ ಒರೆಸಿಟ್ಟ ಸ್ಪ್ಯಾನರನ್ನೇ ಮತ್ತೆ ಒರೆಸತೊಡಗಿದ್ದ. ಬೇರೆ ದಾರಿಯಿಲ್ಲದೆ ಇಳಿದರು. ಅಕ್ಕ ಅವರ ಸೀಟು ಹತ್ತಿ ರಿಮೋಟನ್ನು ಕೈಗೆ ತೆಗೆದುಕೊಂಡಳು.

ಭಾವ ಪ್ಯಾಂಟು ಮಡಚಿ, ಕೊಕ್ಕೆ ಹಿಡಿದು ಹೆಜ್ಜೆಯಿಟ್ಟರು. ಮೊಣಕಾಲಿನವರೆಗೆ ಹೂತುಹೋಯಿತು. ಇನ್ನೊಂದು ಕಾಲು ಎತ್ತಲಾಗದೆ ನಿಂತಲ್ಲಿಂದಲೇ ತಿರುಗಿದರು. ಮೋಟರಿನ ಬಗ್ಗೆ ಅವರು ಮೆಕ್ಯಾನಿಕ್‌ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

"ಏನಪ್ಪಾ, ಇದು ನಡುವೆ ನಿಂತುಗಿಂತು ಬಿಡಲ್ಲ ತಾನೇ?"

ಅವನು ಬಾಯಿ ತೆರೆಯುವ ಮೊದಲೇ ಜೀಪಿನ ಗಾಜು ಅರ್ಧ ಕೆಳಗಿಳಿಯಿತು.

"ಹೆದರಬೇಡಿ ರೀ," ಎಂದಳು ಅಕ್ಕ. "ನಾನಿದೀನಲ್ಲ."