ನಿನಿಯನ್‌ನ ಬೆನ್ನು

“ಲಾಕ್ಲನ್, ನಿಜ ಹೇಳು. ಹೆಣ ಎಷ್ಟು ಕೆಟ್ಟ ಮೇಲೆ ನಿಮ್ಮೋರಿಗೆ ಬೇಡವಾಗುತ್ತೆ?”

ಗ್ರಿಜೆಲಮ್ಮ ಗಂಜಿಯ ಬಟ್ಟಲನ್ನು ಮುಂದಿಟ್ಟು ಹೀಗೆ ಕೇಳಿದಾಗ ಲಾಕ್ಲನ್ ಎತ್ತಿದ ಚಮಚವನ್ನು ಹಾಗೇ ಕೆಳಗಿಟ್ಟ. ಅವನು ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತ ಈ ಮನೆಯ ಅಟ್ಟದ ಕೋಣೆಯಲ್ಲಿ ಬಾಡಿಗೆಗಿದ್ದವನು. ಗೋಡೆಯ ಪಕ್ಕದ ಮಂಚದ ಮೇಲೆ ಅವಳ ಗಂಡ, ಬೂಟು ಹೊಲಿಯುವ ಗೂನುಬೆನ್ನಿನ ನಿನಿಯನ್, ಸತ್ತವರಿಗೆ ಇಡುವ ವಾಡಿಕೆಯಂತೆ ಎದೆಯ ಮೇಲೆ ಉಪ್ಪಿನ ತಟ್ಟೆ ಹೊತ್ತು ಮಲಗಿದ್ದ. ಸತ್ತು ನಾಲ್ಕನೆಯ ದಿನ. ಹೂತ ಹೆಣವನ್ನು ಅಗೆದು ವೈದ್ಯಶಾಲೆಯ ಕೊಯ್ಯುವ ಮೇಜಿಗೆ ಸಾಗಿಸುವವರು ಊರಲ್ಲಿ ಬೇಕಾದಷ್ಟಿದ್ದರು. ಕೊಳೆತದ್ದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದಕ್ಕೇ ಗ್ರಿಜೆಲಮ್ಮ ಮಣ್ಣು ಮಾಡದೆ ಕಾಯುತ್ತಿದ್ದಳು.

“ಕಿಟಕಿ ಸ್ವಲ್ಪ ತೆಗೀಲಾ?”

“ತೆಗೀಬೇಡ. ಬೇಗ ಕೆಡ್ಲಿ. ಪಾದ್ರಿಗಳು ಬೈತಿದಾರೆ, ಬೈಲಿ. ಕೆಳಗಿನ ಮನೆಯೋಳು ಮೂಗು ಮುಚ್ಕೊಂಡು ಓಡಾಡ್ತಾಳೆ, ಓಡಾಡ್ಲಿ. ಒಂದು ಒಳ್ಳೇ ಮಾತಾಡ್ದೋರು ನಿಮ್ಮ ಡಾಕ್ಟರ್ ಕಿನ್‌ಮಂಟ್ ಒಬ್ರೇ. ಇವ್ರು ಬೂಟು ಕೊಡೋಕೆ ಹೋಗಿದ್ದೇ ಸರಿ, ಆವತ್ತಿಂದ ಹೇಗಿದಾರೆ, ಏನು ಅಂತ ವಿಚಾರಿಸ್ತಾನೇ ಇದ್ರು. ಕೆಮ್ಮಿಗೆ ಔಷಧಿ ಬೇರೆ ಕಳಿಸಿದ್ರು, ಪುಣ್ಯಾತ್ಮ.”

ಲಾಕ್ಲನ್‌ಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಪಾಠ ಮುಗಿದ ಮೇಲೆ ಅದೇ ಡಾಕ್ಟರು ಅವನ ಹೆಗಲ ಮೇಲೆ ಕೈ ಹಾಕಿ, “ನಿಮ್ಮ ಮನೆಯ ಮುದುಕನ ಮಣ್ಣು ಯಾವತ್ತಪ್ಪಾ?” ಎಂದು ಕೇಳಿದ್ದರು. ಎದ್ದು ಬಾಗಿಲವರೆಗೆ ಹೋದ, ಮರಳಿ ಬಂದ. ಮತ್ತೆ ಬಾಗಿಲ ಕಡೆ ನೋಡಿದ.

“ಗ್ರಿಜೆಲಮ್ಮ, ಕಾದು ಉಪಯೋಗ ಇಲ್ಲ. ಡಾಕ್ಟರಿಗೆ ಮಾಂಸ ಬೇಡ, ಮೂಳೆ ಬೇಕು. ಇಂಥ ಗೂನು ಬೆನ್ನನ್ನ ಅವರು ಎಲ್ಲೂ ಕಂಡಿಲ್ವಂತೆ. ಬೇಯಿಸಿ, ತಂತಿ ಕಟ್ಟಿ, ಗಾಜಿನ ಕಪಾಟಲ್ಲಿ ನಿಲ್ಲಿಸ್ತಾರೆ.”

ಗ್ರಿಜೆಲಮ್ಮ ಗಂಡನ ಎದೆಯ ಮೇಲಿನ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟು, “ಹಾಗಾದ್ರೆ ಆ ಔಷಧಿ?” ಎಂದಳು.

“ಔಷಧಿ ಒಳ್ಳೇದೇ ಇತ್ತು,” ಎಂದ ಲಾಕ್ಲನ್, ತಲೆ ಎತ್ತದೆ.

ಅವಳು ಗಂಡ ಕೂತು ಕೆಲಸ ಮಾಡುತ್ತಿದ್ದ ಮೂಲೆಗೆ ಹೋಗಿ ಸುತ್ತಿಗೆ ತಂದು ಲಾಕ್ಲನ್‌ನ ಮುಂದೆ ಹಿಡಿದಳು. “ಮುರಿ.”

“ನಾನಾ?”

“ಮತ್ತೆ ಕೂಡಿಸೋಕಾಗದ ಹಾಗೆ ಎಲ್ಲಿ ಮುರೀಬೇಕು ಅಂತ ನಿಂಗೇ ಗೊತ್ತು. ಆಮೇಲೆ ನೀನೇ ಹೋಗಿ ಅವರಿಗೆ ಹೇಳು, ಅಗೆದ್ರೆ ಸಿಗೋದು ಬರೀ ಚೂರು ಅಂತ.”

“ಹೇಳಿದ್ರೆ ನನ್ನನ್ನ ಶಾಲೆಯಿಂದ ಆಚೆ ಹಾಕ್ತಾರೆ.”

“ಹಾಕ್ತಾರೆ,” ಎಂದಳು ಗ್ರಿಜೆಲಮ್ಮ. ಸುತ್ತಿಗೆ ಹಿಡಿದ ಕೈ ಕೆಳಗಿಳಿಯಲಿಲ್ಲ.

“ಕಡೇ ದಿನ ದೇವರು ಎಬ್ಬಿಸೋವಾಗ ದೇಹ ಮುಕ್ಕಾಗಿರಬಾರದು ಅಂತಿದ್ರಲ್ಲ ನೀವು?”

“ಮುರಿದದ್ದನ್ನ ದೇವ್ರು ಕೂಡಿಸ್ತಾನೆ ಬಿಡು. ಕಪಾಟಲ್ಲಿದ್ರೆ ಬೀಗದ ಕೈಗೆ ಅವನೂ ನಿಮ್ಮ ಡಾಕ್ಟರ ಮನೆ ಬಾಗಿಲು ತಟ್ಟಬೇಕಾಗುತ್ತೆ.”

ಲಾಕ್ಲನ್ ಕೋಟು ಕಳಚಿದ. “ನಾಳೆ ಹೇಳ್ತೀನಿ,” ಎಂದು ಸುತ್ತಿಗೆ ತೆಗೆದುಕೊಂಡ. ಇಬ್ಬರೂ ಸೇರಿ ನಿನಿಯನ್‌ನನ್ನು ಬೋರಲು ಮಲಗಿಸಿದರು. ಶಾಲೆಯಲ್ಲಿ ಎಷ್ಟೋ ಹೆಣಗಳನ್ನು ಹರಟೆ ಹೊಡೆಯುತ್ತಲೇ ಕೊಯ್ದವನು ಅವನು. ಇಲ್ಲಿ ಅಂಗೈ ಬೆವೆತು ಹಿಡಿಕೆ ಜಾರತೊಡಗಿತು. ಷರಟಿಗೆ ಕೈ ಒರೆಸಿಕೊಂಡು ಮೊದಲ ಏಟು ಹಾಕಿದ.

ಹೆಗಲು ಹಿಡಿದುಕೊಂಡಿದ್ದ ಗ್ರಿಜೆಲಮ್ಮ ಥಟ್ಟನೆ ಅವನ ಮಣಿಕಟ್ಟು ಹಿಡಿದಳು.

“ಮೆಲ್ಲಗೆ ಕಣೋ! ಆ ಕಡೆ ಬಟ್ಟೆ ತಾಗಿದ್ರೂ ಅವ್ರಿಗೆ ನೋವು ತಡಿಯೋಕಾಗಲ್ಲ.”